ಒಲೆನಾ ಅಕ್ಕೋರಿಗೆ ನಾನು ಕೊಟ್ಟ ಕುಂಬಳಕಾಯಿ

ಪಿನ್ನರ್: ಶಾಲೆಯ ಗೇಟು

ಲಂಡನ್ನಿಗೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು ಅರಮನೆ ನೋಡಿದಿರಾ ಅಂತ. ನೋಡಿದೆ. ಬಸ್ಸಿನ ಕಿಟಕಿಯಿಂದ, ಅದೂ ಮುಂದೆ ಕೂತಿದ್ದ ಹೆಂಗಸಿನ ಟೋಪಿ ಅಡ್ಡ ಬಂದು ಅರ್ಧ ಮಾತ್ರ. ನಾನು ಕಣ್ತುಂಬ ನೋಡಿ ಬಂದದ್ದು ಒಂದು ಶಾಲೆಯ ಗೇಟು, ಒಂದು ಹಾಲ್ ಮತ್ತು ಆರನೇ ಮಹಡಿಯ ಒಂದು ಅಡುಗೆಮನೆ. ಮೂರಕ್ಕೂ ಕಾರಣ ಒಬ್ಬ ಉಕ್ರೇನಿನ ಅಕ್ಕೋರು. ನಮ್ಮ ಧಾರವಾಡದ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಮೂವತ್ತನಾಲ್ಕು ವರ್ಷ ನನ್ನನ್ನೂ ಹಾಗೇ ಕರೆದರು. ಕೊನೆಯ ಒಂಬತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಆ ಗತ್ತು ನಿವೃತ್ತಿಯಾದ ಮೇಲೂ ಇಳಿದಿಲ್ಲ ಎಂದು ಮನೆಯವರ ದೂರು.

ತಂಗಿ ಮಾಲತಿಯ ಮನೆ ಲಂಡನ್ನಿನ ಅಂಚಿನ ಪಿನ್ನರಿನಲ್ಲಿ, ಅವಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಊರವರನ್ನೆಲ್ಲ ಮಲಗಿಸುತ್ತಾಳೆ, ತನಗೆ ಮಾತ್ರ ನಿದ್ದೆಯಿಲ್ಲ. ನಾನು ಹೋದ ಮೂರನೇ ದಿನವೇ ಅವಳಿಗೆ ಡ್ಯೂಟಿ ಜಾಸ್ತಿಯಾಗಿ, ಮಗಳು ಅನನ್ಯಾಳನ್ನು ಶಾಲೆಯಿಂದ ಕರೆತರುವ ಕೆಲಸ ನನಗೆ ಬಂತು. ಗೇಟಿನಲ್ಲಿ ಹಳದಿ ಜಾಕೀಟು ತೊಟ್ಟ, ನನ್ನಷ್ಟೇ ಗಟ್ಟಿ ಮೈಕಟ್ಟಿನ ಒಬ್ಬ ಹೆಂಗಸು ಮಕ್ಕಳನ್ನು ಕರೆದೊಯ್ಯುವವರ ಪಟ್ಟಿ ಹಿಡಿದು ನಿಂತಿದ್ದರು. ನನ್ನ ಹೆಸರು ಕೇಳಿದರು. ಪಟ್ಟಿಯ ಮೇಲೆ ಬೆರಳು ಆಡಿಸಿದರು. "ಇಲ್ಲ" ಅಂದರು.

"ನಾನು ಅವಳ ದೊಡ್ಡಮ್ಮ" ಅಂದೆ.

ಅನನ್ಯಾ ಒಳಗಿನಿಂದ, "ಮಿಸ್ ಒಲೆನಾ, ಶೀ ಈಸ್ ರಿಯಲೀ ಮೈ ದೊಡ್ಡಮ್ಮ!" ಅಂತ ಸಾಕ್ಷಿ ನುಡಿದಳು.

"ಇರಬಹುದು. ಪಟ್ಟಿಯಲ್ಲಿ ಇಲ್ಲ."

ಮಾಲತಿ ಆಪರೇಷನ್ ಥಿಯೇಟರಿನಲ್ಲಿದ್ದಳು, ಫೋನ್ ಎತ್ತಲಿಲ್ಲ. ತುಂತುರು ಮಳೆ ಶುರುವಾಯಿತು. ನನ್ನ ಸೀರೆಯ ಅಂಚು ನೆನೆಯಿತು, ತಲೆ ಕಾದಿತು. ಸಾವಿರಾರು ಮಕ್ಕಳನ್ನು ಕಾದವಳನ್ನೇ ಮಕ್ಕಳ ಕಳ್ಳಿ ಅನ್ನುವಂತೆ ನಿಲ್ಲಿಸಿದ್ದಾರಲ್ಲ ಎಂಬ ಸಿಟ್ಟು. ಆ ಹೆಂಗಸು ಒಳಗೆ ಹೋಗಿ ಒಂದು ಛತ್ರಿ ತಂದು ನನ್ನ ಕೈಗಿಟ್ಟರು. ಮಗುವನ್ನು ಮಾತ್ರ ಕೊಡಲಿಲ್ಲ. ನಲವತ್ತು ನಿಮಿಷ ಇಬ್ಬರೂ ಗೇಟಿನ ಆಚೆ ಈಚೆ ನಿಂತೆವು. ಮಾಲತಿ ಫೋನ್ ಮಾಡಿ ಒಪ್ಪಿಗೆ ಕೊಟ್ಟ ಮೇಲೆ ಗೇಟು ತೆರೆಯಿತು.

"ಇಷ್ಟು ಕಟ್ಟುನಿಟ್ಟು ಎಲ್ಲಿ ಕಲಿತಿರಿ?" ಅಂತ ಚುಚ್ಚಿಯೇ ಕೇಳಿದೆ.

"ನಮ್ಮೂರಲ್ಲಿ. ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದ್ದೇನೆ" ಅಂದರು.

ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಯಾಕೆಂದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಛತ್ರಿಯನ್ನೂ ಕೊಡುತ್ತಿರಲಿಲ್ಲ.

ಪಿನ್ನರ್: ಪಾರ್ಕಿನ ಬೆಂಚು

ಮರುದಿನದಿಂದ ನಾನು ಬೇಕೆಂದೇ ಬೇಗ ಹೋಗತೊಡಗಿದೆ. ಶಾಲೆ ಬಿಟ್ಟ ಮೇಲೆ ಅನನ್ಯಾ ಜೋಕಾಲಿಯಲ್ಲಿ, ನಾವಿಬ್ಬರು ಬೆಂಚಿನಲ್ಲಿ. ನನ್ನದು ಪಾಠಪುಸ್ತಕದ ಇಂಗ್ಲಿಷು, ಒಲೆನಾ ಅವರದು ಎರಡು ವರ್ಷದಲ್ಲಿ ಬಸ್ಸಿನಲ್ಲಿ ಕಲಿತ ಇಂಗ್ಲಿಷು. ಎರಡೂ ಕುಂಟುತ್ತಿದ್ದುದರಿಂದ ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ.

ಅವರ ಊರು ನದಿ ದಂಡೆಯ ಸಣ್ಣ ಪಟ್ಟಣ. ಒಂದು ವರ್ಷ ಅಲ್ಲಿನ ಆಡಳಿತ, ಖರ್ಚು ಕಡಿಮೆ ಮಾಡಲು ಬಾಲವಾಡಿ ಮುಚ್ಚುತ್ತೇವೆ ಅಂದಿತಂತೆ. ಬಾಲವಾಡಿ ಇಲ್ಲದಿದ್ದರೆ ಕಾರ್ಖಾನೆಗೆ ಹೋಗುವ ತಾಯಂದಿರು ಮನೆಯಲ್ಲಿ ಕೂರಬೇಕು. ಅರ್ಜಿ ಬರೆಯಲು ಒಲೆನಾ ಅವರನ್ನು ಕರೆದರು, ಅವರ ಅಕ್ಷರ ದುಂಡಗೆ ಇತ್ತು ಅಂತ. ಅರ್ಜಿ ಮೇಜಿನ ಮೇಲೇ ಉಳಿಯಿತು. ಆಗ ಹೆಂಗಸರೆಲ್ಲ ಬಾಲವಾಡಿಯ ಮೊಳದೆತ್ತರದ ಕುರ್ಚಿಗಳನ್ನು ಒಂದೊಂದು ಹೊತ್ತು ಕಚೇರಿಗೆ ಹೋದರು. ವರಾಂಡದಲ್ಲಿ ಸಾಲಾಗಿ ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಆಲೂಗಡ್ಡೆ ಸಿಪ್ಪೆ ತೆಗೆಯಲು ಶುರು ಮಾಡಿದರು. ಘೋಷಣೆಯಿಲ್ಲ, ಬ್ಯಾನರ್ ಇಲ್ಲ. ಕಚೇರಿಗೆ ಬಂದ ಗಂಡಸರು ಸಿಪ್ಪೆ ದಾಟಿಕೊಂಡು ಒಳಗೆ ಹೋಗಬೇಕು.

"ಎಷ್ಟು ದಿನ?"

"ಒಂಬತ್ತು. ಎರಡು ಮೂಟೆ ಆಲೂಗಡ್ಡೆ."

ಬಾಲವಾಡಿ ಉಳಿಯಿತು. ಹೆಂಗಸರು ಮಾತ್ರ ಮನೆಗೆ ಹೋಗಲಿಲ್ಲ. ಅಂದರೆ, ಸಂಘವಾಯಿತು. ಒಲೆನಾ ಅವರನ್ನೇ ಮುಂದೆ ನಿಲ್ಲಿಸಿದರು. ಹೊಡೆಯುವ ಗಂಡಂದಿರಿಂದ ಓಡಿ ಬಂದವರಿಗೆ ಶಾಲೆಯ ಲೈಬ್ರರಿಯ ಹಿಂದೆ ಒಂದು ಕೋಣೆ ಮಾಡಿದರು. ಒಬ್ಬಾತ ಬಾಗಿಲು ಒದ್ದು, ಹೆಂಡತಿಯನ್ನು ಹೊರಗೆ ಕಳಿಸಿ ಅಂದನಂತೆ. ಒಲೆನಾ ಪಟ್ಟಿ ನೋಡಿ, ಕರೆದೊಯ್ಯಲು ಬರುವವರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂದರಂತೆ. ಅದನ್ನು ಕೇಳಿ ನನಗೆ ಗೇಟಿನಲ್ಲಿ ನಿಂತದ್ದು ದೊಡ್ಡ ಮರ್ಯಾದೆಯಾಗಿ ಕಂಡಿತು.

ಯುದ್ಧ ಬಂದಾಗ ತಾಯಿಯ ಚಿಕಿತ್ಸೆಗಾಗಿ ಈ ಕಡೆ ಬಂದರು. ಗಂಡ ಅಲ್ಲೇ ರೈಲ್ವೆ ವರ್ಕ್‌ಶಾಪಿನಲ್ಲಿ. ದಿನಾ ಸಂಜೆ ಫೋನಿನಲ್ಲಿ ಒಬ್ಬರಿಗೊಬ್ಬರು ಏನು ಅಡುಗೆ ಅಂತ ಕೇಳಿಕೊಳ್ಳುತ್ತಾರೆ.

"ನೀವು ಎಷ್ಟು ಧರಣಿ ಮಾಡಿದ್ದೀರಿ?" ಅಂತ ನನ್ನನ್ನು ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು ಅಂತ ಒಮ್ಮೆ ಅರ್ಜಿ ಬರೆದು, ಮೇಲಿನವರಿಗೆ ಬೇಜಾರಾದೀತು ಅಂತ ಡ್ರಾಯರಿನಲ್ಲೇ ಇಟ್ಟವಳು ನಾನು. ನಾಚಿಕೆಯಾಯಿತು. ಅವರು ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು. ಶನಿವಾರ ಶನಿವಾರ ಅವರು ಒಂದು ಚರ್ಚಿನ ಹಾಲಿನಲ್ಲಿ ಉಕ್ರೇನಿನ ಇಪ್ಪತ್ತೆರಡು ಮಕ್ಕಳಿಗೆ ಅವರ ಭಾಷೆಯಲ್ಲಿ ಪಾಠ ಹೇಳುತ್ತಾರೆ. ಆ ಹಾಲಿನ ಛಾವಣಿ ರಿಪೇರಿಗೆ ಬಂದಿದೆ. ಇನ್ನೆರಡೇ ಶನಿವಾರ. ಆಮೇಲೆ ಬೇರೆ ಜಾಗ ಸಿಗದಿದ್ದರೆ ಶಾಲೆ ನಿಂತಂತೆ.

"ಒಮ್ಮೆ ನಿಂತರೆ ಮತ್ತೆ ಸೇರುವುದಿಲ್ಲ" ಅಂದರು. ಅದು ಯಾವ ಅಕ್ಕೋರಿಗೂ ಬಿಡಿಸಿ ಹೇಳಬೇಕಾದ ಮಾತಲ್ಲ.

ಹ್ಯಾರೋ: ಉಡಿ ತುಂಬಿದ್ದು

ಮಾಲತಿ ಮತ್ತು ಅವಳ ಗೆಳತಿಯರ ಕನ್ನಡ ಮಹಿಳೆಯರ ಗುಂಪು ಶನಿವಾರ ಬೆಳಿಗ್ಗೆ ಹ್ಯಾರೋದ ಒಂದು ಕಮ್ಯೂನಿಟಿ ಹಾಲಿನಲ್ಲಿ ಸೇರುತ್ತದೆ. ಭಜನೆ, ಡ್ಯಾನ್ಸ್ ಪ್ರಾಕ್ಟೀಸು, ಆಮೇಲೆ ಡಬ್ಬಿ ಬಿಚ್ಚುವುದು. ಹಾಲಿನ ನಡುವೆ ಎಳೆದು ಮುಚ್ಚುವ ಮರದ ಪರದೆಯಿದೆ. ಅರ್ಧ ಹಾಲ್ ಖಾಲಿಯೇ ಬಿದ್ದಿರುತ್ತದೆ. ನನ್ನ ತಲೆ ಓಡಿತು.

"ಅಕ್ಕಾ, ಪರದೇಶಕ್ಕ ಬಂದರೂ ನಿನಗ ಸುಮ್ಮನ ಕೂಡೂದು ಬರೂದಿಲ್ಲಲಾ" ಅಂದಳು ಮಾಲತಿ. ಆದರೂ ಒಲೆನಾ ಅವರನ್ನು ಆ ಶನಿವಾರ ಮಧ್ಯಾಹ್ನ ತಾನೇ ಕಾರಿನಲ್ಲಿ ಕರೆತಂದಳು.

ಗುಂಪಿಗೆ ಹಿರಿಯರು ಮೈಸೂರಿನ ವಸಂತಾ. ಉಪ್ಪಿಟ್ಟು, ಚಹಾ ಆಯಿತು. ಒಲೆನಾ ತಾವು ಬಂದ ಕೆಲಸವನ್ನು ಎರಡೇ ನಿಮಿಷದಲ್ಲಿ ಹೇಳಿದರು. ವಸಂತಾ ಅವರು, ಎಲ್ಲರೂ ಮಾತಾಡಿಕೊಂಡು ತಿಳಿಸುತ್ತೇವೆ ಅಂದರು. ಆಮೇಲೆ ಮಾತು ಆಚಾರವಿಚಾರದ ಕಡೆ ತಿರುಗಿತು. ಹೊಸ್ತಿಲ ಮೇಲೆ ನಿಂತು ಕೊಡುಕೊಳ್ಳಬಾರದು ಅಂತ ನಾವು ಹೇಳಿದರೆ, ಒಲೆನಾ "ನಮ್ಮಲ್ಲೂ!" ಅಂದರು. ಮನೆಯೊಳಗೆ ಸಿಳ್ಳೆ ಹಾಕಬಾರದು. ನಮ್ಮಲ್ಲೂ. ಹೊರಡುವಾಗ ಖಾಲಿ ಕೊಡ ಎದುರು ಬರಬಾರದು. ಅವರಲ್ಲಿ ಖಾಲಿ ಬಕೆಟ್ಟು, ಅಷ್ಟೇ ವ್ಯತ್ಯಾಸ. ಮಕ್ಕಳಿಗೆ ದೃಷ್ಟಿಯಾಗುತ್ತದೆ. ಅಲ್ಲೂ ಆಗುತ್ತದೆ. ಕಡೆಗೆ ವಸಂತಾ, "ಅಯ್ಯೋ, ಇವರು ನಮ್ಮೋರೇ ಕಣ್ರೀ, ಬಣ್ಣ ಒಂದು ಬೇರೆ" ಅಂದರು. ಎಲ್ಲರೂ ನಕ್ಕೆವು. ಒಲೆನಾ ಎಲ್ಲರಿಗಿಂತ ಹೆಚ್ಚು ನಕ್ಕರು.

ಹೊರಡಲು ಎದ್ದರು. ಮೊದಲ ಸಲ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೆ? ನಮ್ಮ ಕಡೆ ಉಡಿ ತುಂಬಿ ಕಳಿಸುತ್ತೇವೆ. ಕುಪ್ಪಸದ ಕಣ, ಅದೇ ರವಿಕೆ ಬಟ್ಟೆ, ಸಿಕ್ಕಿತು, ಅಕ್ಕಿ ಸಿಕ್ಕಿತು. ತೆಂಗಿನಕಾಯಿ ಎಲ್ಲಿ ಅಂದರೆ ಮಾಲತಿ ನಾಲಿಗೆ ಕಚ್ಚಿಕೊಂಡಳು, ಮರೆತುಬಂದಿದ್ದಳು. ಆಗ ನನಗೆ ಕಾರಿನ ಡಿಕ್ಕಿಯಲ್ಲಿದ್ದ ಕುಂಬಳಕಾಯಿ ನೆನಪಾಯಿತು. ಮಾಲತಿಯ ಗಂಡ ಶ್ರೀಧರ, ಕೌನ್ಸಿಲಿನವರು ಕೊಟ್ಟ ತುಂಡು ತೋಟದಲ್ಲಿ ಬೆಳೆದದ್ದು. ದುಂಡಗೆ, ಕೆಂಪಗೆ, ಅವರ ವರ್ಷದ ಹೆಮ್ಮೆ.

"ಅದನ್ನ ಬ್ಯಾಡಕ್ಕಾ, ಅವರು ಅದರದು ಇನ್ನೂ ಫೋಟೋ ಹೊಡೀಬೇಕಂತ" ಅಂದಳು ಮಾಲತಿ.

"ಫೋಟೋ ಇನ್ನೊಂದರದು ಹೊಡೀಲಿ" ಅಂದು ತರಿಸಿದೆ.

ಒಲೆನಾ ಅವರ ಕೋಟಿನ ಅಂಚನ್ನು ನಾನೇ ಹಿಡಿಸಿದೆ. ಮೊದಲು ಕುಪ್ಪಸದ ಕಣ ಹಾಕಿದೆ. ಅವರ ಮುಖ ಅರಳಿತು, ಕಣ್ಣಲ್ಲಿ ನೀರು ಬಂದಂತಾಯಿತು. ಅದರ ಮೇಲೆ ಅಕ್ಕಿ. ಅದರ ಮೇಲೆ ಕುಂಬಳಕಾಯಿ. ಅವರು ಸ್ವಲ್ಪ ಹೊತ್ತು ಕುಂಬಳಕಾಯಿಯನ್ನೇ ನೋಡಿದರು. ಆಮೇಲೆ ನೆಟ್ಟಗೆ ನಿಂತು, "ಧನ್ಯವಾದ. ನನಗೆ ಅರ್ಥವಾಯಿತು" ಅಂದರು. ಭಾರಕ್ಕೆ ಮುಖ ಬಾಡಿದೆ ಅಂದುಕೊಂಡೆ. ನನ್ನ ಸಂಸ್ಕಾರದ ಬಗ್ಗೆ ನಾನೇ ಬೀಗುತ್ತಿದ್ದೆ, ಬೇರೇನೂ ಕಾಣಲಿಲ್ಲ.

ಅವರು ಹೋದ ಐದು ನಿಮಿಷಕ್ಕೆ ಎಲ್ಲರೂ ಒಪ್ಪಿದರು. "ಪಾಪ, ಪರದೆ ಎಳೆದರೆ ಆಯ್ತಪ್ಪ" ಅಂದರು ವಸಂತಾ. ಹಾಲಿನ ಆಫೀಸಿನಿಂದ ಅನುಮತಿ ಬರಬೇಕಿತ್ತು. "ಅದು ಕೈಗೆ ಬರೋವರೆಗೂ ಯಾರೂ ಬಾಯಿ ಬಿಡಬೇಡಿ. ಮುಂಚೆನೇ ಹೇಳಿದ್ರೆ ಕೆಲಸ ಆಗಲ್ಲ" ಅಂತಲೂ ಅಂದರು. ನಾವೆಲ್ಲ ತಲೆ ಆಡಿಸಿದೆವು. ಮದುವೆ ಗಟ್ಟಿಯಾಗುವವರೆಗೆ, ಆರ್ಡರ್ ಕೈಗೆ ಬರುವವರೆಗೆ ಒಳ್ಳೆಯ ಸುದ್ದಿಯನ್ನು ಬಚ್ಚಿಡುವುದು ನಮಗೇನು ಹೊಸದೇ? ಮಾರನೇ ವಾರದಿಂದ ಶಾಲೆಗೆ ನಮ್ಮ ದಸರೆ ರಜೆಯಂಥ ಎರಡು ವಾರದ ರಜೆ. ಗೇಟಿನ ಭೇಟಿಯೂ ನಿಂತಿತು.

ನಾರ್ದರ್ನ್ ಲೈನ್: ಕವಲು

ಹನ್ನೆರಡನೇ ದಿನ, ಗುರುವಾರ, ಅನುಮತಿ ಬಂತು. ಕುಣಿಯುವಂತಾಯಿತು. ಅದೇ ಹೊತ್ತಿಗೆ ಉಕ್ರೇನಿನ ಗೆಳತಿಯ ಮನೆಯಿಂದ ಬಂದ ಅನನ್ಯಾ, "ದೊಡ್ಡಮ್ಮಾ, ಮಿಸ್ ಒಲೆನಾಸ್ ಸ್ಯಾಟರ್ಡೇ ಸ್ಕೂಲ್ ಇಸ್ ಫಿನಿಶ್ಡ್" ಅಂದಳು. ನಮ್ಮ ಗುಂಪು ಜಾಗ ಕೊಡುವುದಿಲ್ಲ ಅಂತ ಒಲೆನಾ ಆಗಲೇ ಎಲ್ಲ ತಂದೆತಾಯಿಗಳಿಗೂ ತಿಳಿಸಿಬಿಟ್ಟಿದ್ದಾರಂತೆ!

ಯಾರು ಹೇಳಿದರು? ಯಾವಾಗ? ಮಾಲತಿ ವಸಂತಾಗೆ ಫೋನ್ ಮಾಡಿದಳು. ವಸಂತಾ, ದೇವರಾಣೆ ನಾನಲ್ಲ ಅಂದರು. ಒಲೆನಾ ಅವರ ಫೋನ್ ಎತ್ತುವವರಿಲ್ಲ. ಅವರ ಮನೆ ಕೊಲಿಂಡೇಲಿನ ಹೊಸ ಫ್ಲ್ಯಾಟುಗಳಲ್ಲಿ. ಮರುದಿನ ಮಾಲತಿಗೆ ಡ್ಯೂಟಿ, ಶ್ರೀಧರರಿಗೆ ಆಫೀಸು. ನಾನೇ ಹೋಗುತ್ತೇನೆ ಅಂತ ಹೊರಟೆ. ಊರೊಳಗೆ ರೈಲು ಬದಲಿಸಿ ನಾರ್ದರ್ನ್ ಲೈನ್ ಹಿಡಿದರಾಯಿತು ಅಂತ ಅನನ್ಯಾ ಹೇಳಿದ್ದಳು. ಆ ಲೈನ್ ಮುಂದೆ ಎರಡು ಕವಲಾಗುತ್ತದೆ ಅಂತ ಹೇಳಿರಲಿಲ್ಲ. ಹೈ ಬಾರ್ನೆಟ್ ಎಂಬ ಬೋರ್ಡಿನ ರೈಲು ಹತ್ತಿ ಹಾಯಾಗಿ ಕೂತೆ. ಹುಬ್ಬಳ್ಳಿಯಲ್ಲಿ ಗದಗಿನ ಗಾಡಿ ಹತ್ತಿ ಬೆಳಗಾವಿಗಾಗಿ ಕಾಯುವವರನ್ನು ಎಷ್ಟು ಸಲ ಹಾಸ್ಯ ಮಾಡಿಲ್ಲ ನಾನು!

ಈಸ್ಟ್ ಫಿಂಚ್ಲಿ ಬಂದಾಗ ಎದುರಿದ್ದ ಮುದುಕರೊಬ್ಬರನ್ನು ಕೊಲಿಂಡೇಲ್ ಯಾವಾಗ ಅಂತ ಕೇಳಿದೆ. ಆ ಊರಿನವರು ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡದಂತೆ ಕೂರುತ್ತಾರೆ. ಆದರೆ ದಾರಿ ಕೇಳಿದರೆ ಮುಗಿಯಿತು, ಇಡೀ ಡಬ್ಬಿಯೇ ಜೀವ ತಾಳುತ್ತದೆ. ಮುದುಕರು ಒಂದು ದಾರಿ ಹೇಳಿದರು. ಪಕ್ಕದವಳು ಅದು ತಪ್ಪು ಅಂದಳು. ಮೂರನೆಯವನು ನಕ್ಷೆ ತೆಗೆದ. ಅವರವರಲ್ಲೇ ವಾದ ಹತ್ತಿತು. ಕೊನೆಗೆ ಮುದುಕರೇ ನನ್ನೊಂದಿಗೆ ಇಳಿದು, ಲೈನ್ ಕವಲೊಡೆಯುವ ಕ್ಯಾಮ್ಡನ್ನಿನವರೆಗೆ ಹಿಂದಕ್ಕೆ ಬಂದು, ಸರಿಯಾದ ರೈಲಿನಲ್ಲಿ ಕೂರಿಸಿ, ಹವಾಮಾನದ ಬಗ್ಗೆ ಒಂದು ಮಾತಾಡಿ ಹೋದರು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ನಮ್ಮಲ್ಲಿಯಾದರೆ ಅಷ್ಟು ಹೊತ್ತಿಗೆ ನನ್ನ ಪೆನ್ಷನ್ ಎಷ್ಟೆಂದು ತಿಳಿದುಕೊಂಡಿರುತ್ತಿದ್ದರು.

ಕೊಲಿಂಡೇಲ್: ಆರನೇ ಮಹಡಿ

ಬಾಗಿಲು ತೆರೆದವರು ಒಲೆನಾ ಅವರ ತಾಯಿ. ತಲೆಗೆ ಹೂವಿನ ವಸ್ತ್ರ ಕಟ್ಟಿದ್ದ ಸಣ್ಣ ಜೀವ. ನನ್ನ ಸೀರೆ ನೋಡಿದವರೇ ಮುಖ ಗಂಟಿಕ್ಕಿ, ಅಡುಗೆಮನೆಯ ಕಡೆ ಬೆರಳು ತೋರಿಸಿ ಏನೋ ಅಂದರು. ಕಿಟಕಿಯ ಕಟ್ಟೆಯ ಮೇಲೆ ಶ್ರೀಧರರ ಕುಂಬಳಕಾಯಿ, ಕೊಟ್ಟ ಹಾಗೇ ಕೂತಿತ್ತು. ಒಂದು ಹೋಳೂ ಕತ್ತರಿಸಿರಲಿಲ್ಲ.

ಒಲೆನಾ ಬಂದರು, ಸಭ್ಯವಾಗಿಯೇ ಕೂರಿಸಿದರು.

"ನಾವು ಕೊಡುವುದಿಲ್ಲ ಅಂತ ನಿಮಗೆ ಯಾರು ಹೇಳಿದರು?" ಅಂತ ಕೇಳಿದೆ.

"ನೀವೇ" ಅಂದರು.

"ನಾನೇ?"

ಅವರು ಕುಂಬಳಕಾಯಿಯತ್ತ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ಹೆಣ್ಣು ಕೇಳಲು ಬಂದವರಿಗೆ ಒಪ್ಪಿಗೆಯಿದ್ದರೆ ಕಸೂತಿ ಹಾಕಿದ ಬಟ್ಟೆ ಕಟ್ಟಿ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. ಒಪ್ಪಿಗೆಯಿಲ್ಲದಿದ್ದರೆ ಬಾಯಿಬಿಟ್ಟು ಇಲ್ಲ ಅನ್ನುವುದಿಲ್ಲ, ಒಂದು ಕುಂಬಳಕಾಯಿ ಕೊಟ್ಟು ಕಳಿಸುತ್ತಾರೆ. ಇಂದಿಗೂ ಕುಂಬಳಕಾಯಿ ಸಿಕ್ಕಿತು ಅಂದರೆ ಬಂದ ಕೆಲಸ ಆಗಲಿಲ್ಲ ಅಂತಲೇ.

"ಮೊದಲು ನೀವು ಬಟ್ಟೆ ಹಾಕಿದಿರಿ. ನನಗೆ ಆಕಾಶಕ್ಕೆ ಮೂರೇ ಗೇಣು. ಅದರ ಮೇಲೆ ಕುಂಬಳಕಾಯಿ ಹಾಕಿದಿರಿ. ಅಷ್ಟೊತ್ತೂ ಎಲ್ಲ ಪದ್ಧತಿಯೂ ಒಂದೇ ಅಂತ ಮಾತಾಡಿದ್ದೆವಲ್ಲ. ಇದೂ ಒಂದೇ ಅಂದುಕೊಂಡೆ. ಇಷ್ಟು ಮರ್ಯಾದೆಯಿಂದ ಇಲ್ಲ ಅಂದರಲ್ಲ ಅಂತ ಅಮ್ಮನಿಗೂ ಹೇಳಿದೆ. ಅಮ್ಮ ಮಾತ್ರ, ಬಟ್ಟೆ ಯಾಕೆ ಕೊಟ್ಟರು, ಆಸೆ ತೋರಿಸಿ ಕೈಬಿಟ್ಟರು ಅಂತ ಹದಿಮೂರು ದಿನದಿಂದ ಬೈಯುತ್ತಿದ್ದಾಳೆ."

ನಾನು ಅನುಮತಿಯ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಒಲೆನಾ ಓದಿದರು, ಇನ್ನೊಮ್ಮೆ ಓದಿದರು. ತಾಯಿಗೆ ಏನೋ ಹೇಳಿದರು. ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದರು, ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು. ನಾವೂ ನಕ್ಕೆವು. ಹೊಟ್ಟೆ ಹುಣ್ಣಾಗುವವರೆಗೆ ನಕ್ಕೆವು. ಆಮೇಲೆ ಮುದುಕಿ ಚಾಕು ತಂದು ಕುಂಬಳಕಾಯಿಯನ್ನು ಒಂದೇ ಏಟಿಗೆ ಎರಡು ಮಾಡಿದರು. ನವಣೆಯಂಥ ಧಾನ್ಯ, ಹಾಲು ಹಾಕಿ ಗಂಜಿ ಮಾಡಿದರು. ನಮ್ಮ ಕಡೆ ಇದಕ್ಕೆ ಬೆಲ್ಲ ಹಾಕಿ ಗಾರಿಗೆ ಕರಿಯುತ್ತೇವೆ ಅಂತ ಕೈಸನ್ನೆಯಲ್ಲಿ ಹೇಳಿದೆ. ಅದಕ್ಕವರು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದರು.

ನಗು ಮುಗಿದ ಮೇಲೆ ಕಷ್ಟ ಕಂಡಿತು. ಅಂದು ಶುಕ್ರವಾರ, ಮರುದಿನವೇ ಶನಿವಾರ. ತಂದೆತಾಯಿಗಳು ಮಕ್ಕಳನ್ನು ಈಜಿಗೋ ಟ್ಯೂಷನ್ನಿಗೋ ಸೇರಿಸಿಯಾಗಿದೆ. ಒಲೆನಾ ಒಂದೊಂದೇ ಮನೆಗೆ ಫೋನ್ ಮಾಡತೊಡಗಿದರು. ಆಕಡೆಯ ಮಾತು ನನಗೆ ತಿಳಿಯದು. ಆದರೆ ಅಕ್ಕೋರ ಮುಖ ನೋಡಿ ತಂದೆತಾಯಿ ಏನಂದರು ಅಂತ ಹೇಳುವುದು ನನಗೆ ಕಷ್ಟವಲ್ಲ. ಕೆಲವರು ಬರುತ್ತೇವೆ ಅಂದರು, ಕೆಲವರು ನೋಡುತ್ತೇವೆ ಅಂದರು. ಸೊಲೊಮಿಯಾ ಎಂಬ ಹುಡುಗಿಯ ತಾಯಿ ಮಾತ್ರ ಜೋರು ಮಾಡಿದರು. ಇವತ್ತು ಇಲ್ಲ ಅನ್ನುತ್ತೀರಿ, ನಾಳೆ ಉಂಟು ಅನ್ನುತ್ತೀರಿ, ನಾವು ಸಾಕಷ್ಟು ಅಲೆದಿದ್ದೇವೆ, ಗಣಿತದ ಕ್ಲಾಸಿಗೆ ಸೇರಿಸಿದ್ದೇನೆ ಅಂತ ಫೋನ್ ಇಟ್ಟರಂತೆ. ಆ ಹುಡುಗಿ ಇಲ್ಲಿಗೆ ಬಂದ ಮೇಲೆ ಮನೆಯಲ್ಲೂ ತನ್ನ ಭಾಷೆ ಬಿಟ್ಟಿದ್ದಳು. ಶನಿವಾರದ ಶಾಲೆಯಲ್ಲಿ ಮಾತ್ರ ಆಡುತ್ತಿದ್ದಳು.

ನಾನು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. "ತಪ್ಪು ನಂದು" ಅಂದೆ.

"ನಿಮ್ಮದಲ್ಲ, ನಾನು ಕೇಳಬೇಕಿತ್ತು" ಅಂದರು ಒಲೆನಾ. ಆದರೂ ಅವರ ದನಿಯಲ್ಲಿ ಸುಸ್ತಿತ್ತು. ಬಾಲವಾಡಿಗೆ ಒಂಬತ್ತು ದಿನ ಕೂತ ಹೆಂಗಸನ್ನು ನಾನು ಒಂದು ತರಕಾರಿಯಿಂದ ಸೋಲಿಸಿದ್ದೆ. ನನಗೆ ಅಳು ಬಂತು. ಅವರ ತಾಯಿ ನನ್ನ ಬೆನ್ನು ಸವರಿದರು.

ಹ್ಯಾರೋ: ಶನಿವಾರ

ಹತ್ತು ಗಂಟೆಗೆ ಶಾಲೆ. ಒಂಬತ್ತೂವರೆಗೇ ನಾನು ಹಾಲಿನ ಬಾಗಿಲಲ್ಲಿ ನಿಂತಿದ್ದೆ. ವಸಂತಾ ತಾವೇ ಪರದೆ ಎಳೆದು, ಕುರ್ಚಿ ಒರೆಸಿ, "ಬರ್ತಾರೆ ಬಿಡಿ, ಸುಮ್ಮನೆ ಯೋಚನೆ ಮಾಡಬೇಡಿ" ಅಂತ ನನಗೆ ಕಾಫಿ ತಂದುಕೊಟ್ಟರು. ಒಲೆನಾ ಗೋಡೆಗೆ ನಕ್ಷೆ ಹಚ್ಚುತ್ತಿದ್ದರು. ಅಣ್ಣ ತಂಗಿ ಇಬ್ಬರು ಬಂದರು. ಆಮೇಲೆ ಹತ್ತು ನಿಮಿಷ ಯಾರೂ ಇಲ್ಲ. ಆಮೇಲೆ ಒಂದೇ ಬಸ್ಸಿನಿಂದ ಏಳು ಮಕ್ಕಳು ಇಳಿದರು. ಹತ್ತಕ್ಕೆ ಹದಿನಾಲ್ಕು. ಒಲೆನಾ ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕಿಸಿದರು.

ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಅವರು ಹಾಜರಿ ತೆಗೆದುಕೊಂಡರು. ಆ ಪುಸ್ತಕದಲ್ಲಿ ಬಿಟ್ಟುಹೋದ ಮಕ್ಕಳ ಹೆಸರನ್ನೂ ಅವರು ಹೊಡೆದುಹಾಕಿಲ್ಲ. ಬೇರೆ ದೇಶಕ್ಕೆ ಹೋದವರ ಹೆಸರು ಬಂದಾಗ ಉಳಿದ ಮಕ್ಕಳೇ "ಪೋಲೆಂಡ್!", "ಕೆನಡಾ!" ಅಂತ ಕೂಗುತ್ತಾರೆ. ಒಬ್ಬನ ಹೆಸರಿಗೆ ಎಲ್ಲರೂ ಸೇರಿ ತಮ್ಮ ಊರಿನ ಹೆಸರು ಕೂಗಿದರು, ಅವನು ವಾಪಸ್ಸು ಹೋಗಿದ್ದನಂತೆ. ಹಾಲಿನಲ್ಲಿ ಇದ್ದವರು ಎದ್ದು "ಯೆ!" ಅನ್ನುತ್ತಾರೆ. ಇದ್ದೇನೆ ಅಂತ. ಕೆಲವು ಹೆಸರಿಗೆ ಯಾವ ಉತ್ತರವೂ ಬರಲಿಲ್ಲ. ಅವು ನನ್ನ ಕುಂಬಳಕಾಯಿಯ ಪಾಲು. ನಾನಾಗಿದ್ದರೆ ಕೆಂಪು ಶಾಯಿಯಲ್ಲಿ ಗೈರು ಅಂತ ಬರೆದು ಮುಂದೆ ಹೋಗುತ್ತಿದ್ದೆ. ಒಲೆನಾ ಪುಸ್ತಕದ ಆ ಚೌಕವನ್ನು ಖಾಲಿ ಬಿಟ್ಟರು.

"ಸೊಲೊಮಿಯಾ" ಅಂದರು.

ಪರದೆಯ ಆಚೆ ನಮ್ಮವರ ತಾಳದ ಸದ್ದೂ ನಿಂತಿತ್ತು.

"ಸೊಲೊಮಿಯಾ" ಅಂತ ಮತ್ತೆ ಕರೆದರು, ಮೊದಲಿನಷ್ಟೇ ದನಿಯಲ್ಲಿ. ಪೆನ್ನು ಪುಸ್ತಕದಿಂದ ಏಳಲಿಲ್ಲ.

ಹೊರಗೆ ಯಾರೋ ಬಾಗಿಲು ಬಡಿದರು. ನಾನು ಓಡಿಹೋಗಿ ತೆರೆದೆ. ಏದುಸಿರು ಬಿಡುತ್ತಿದ್ದ ತಾಯಿ, ಪಾರ್ಕಿಂಗ್ ಸಿಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಅಂದರು, ಸಿಟ್ಟು ಇನ್ನೂ ಮುಖದಲ್ಲೇ ಇತ್ತು. ಅವರ ಪಕ್ಕದಿಂದ ಎರಡು ಜಡೆಯ ಹುಡುಗಿ ನನ್ನನ್ನು ಸರಿಸಿ ಒಳಗೆ ಬಂದಳು. ಗಣಿತದ ಪುಸ್ತಕ ಇನ್ನೂ ಕಂಕುಳಲ್ಲಿತ್ತು.

"ಯೆ!" ಅಂದಳು, ಹಾಲ್ ತುಂಬ ಕೇಳುವಂತೆ.

ಒಲೆನಾ ಅಕ್ಕೋರು ತಲೆ ಎತ್ತಲಿಲ್ಲ. ಗುರುತು ಹಾಕಿ, ಮುಂದಿನ ಹೆಸರು ಕೂಗಿದರು.